ಅಂಬಾಸಿಡರ್ ಹಿಂದಿನಿಂದ ಸದ್ದು ಬರ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಅಂಬಾಸಿಡರ್‌ನ ಹಿಂದಿನ ಸಸ್ಪೆನ್ಷನ್‌ನಲ್ಲಿ ಇರೋದಾದರೂ ಏನು?

ಬಹಳ ಕಡಿಮೆ ಸಾಮಾನು. ಈ ಗಾಡಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ ಬಂದದ್ದು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಯಿತು. ಅಷ್ಟು ವರ್ಷ ಕಳೆದರೂ ಹಿಂದಿನ ಮೂಲ ಜೋಡಣೆ ಮಾತ್ರ ಬದಲಾಗಲಿಲ್ಲ. ಒಂದು ಗಟ್ಟಿ ಆಕ್ಸಲ್, ಅದರ ಎರಡು ಕಡೆ ಒಂದೊಂದು ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಬ್ಲೇಡ್‌ಗಳ ಕಟ್ಟು. ಸ್ಪ್ರಿಂಗಿನ ಮುಂದಿನ ತುದಿ ಬುಷ್ (ಬೋಲ್ಟ್ ಸುತ್ತ ಕೂರುವ ರಬ್ಬರ್ ಕೊಳವೆ) ಮೂಲಕ ಗಾಡಿಯ ಬಾಡಿಯಲ್ಲಿ ಕೂತಿರುತ್ತದೆ. ಹಿಂದಿನ ತುದಿ ಶಾಕಲ್ ಎಂಬ ಆಡುವ ಕೊಂಡಿಯ ಮೇಲೆ ತೂಗುತ್ತದೆ. ನಡುವೆ ಆಕ್ಸಲ್ ಅನ್ನು ಯು ಬೋಲ್ಟ್‌ಗಳು ಹಿಡಿದಿರುತ್ತವೆ. ಜೊತೆಗೆ ಎರಡು ಶಾಕ್ ಅಬ್ಸಾರ್ಬರ್, ಆಕ್ಸಲ್ ಮೇಲೆದ್ದು ಬಾಡಿಗೆ ಬಡಿಯದ ಹಾಗೆ ಎರಡು ರಬ್ಬರ್ ಬಂಪ್ ಸ್ಟಾಪ್. ಅಷ್ಟೇ.

ಇಷ್ಟು ಕಡಿಮೆ ಇದ್ದರೂ ಸದ್ದು ಹುಡುಕೋದು ಯಾಕೆ ಕಷ್ಟ ಅಂದರೆ, ಈ ಗಾಡಿಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಎಡಗಡೆ ಶಾಕಲ್‌ನಲ್ಲಿ ಹುಟ್ಟಿದ ಸದ್ದು ತಗಡಿನಲ್ಲಿ ಹರಿದು ಬಲಗಡೆ ಬಾಗಿಲ ಹತ್ತಿರ ಕೇಳಬಹುದು. ಅದಕ್ಕೇ ಸದ್ದು ಎಲ್ಲಿಂದ ಬರುತ್ತಿದೆ ಅನ್ನುವ ನಿಮ್ಮ ಕಿವಿಯ ತೀರ್ಮಾನವನ್ನು ಜಾಸ್ತಿ ನಂಬಬೇಡಿ. ಯಾವಾಗ ಬರುತ್ತದೆ ಅನ್ನೋದನ್ನು ಮೊದಲು ಹಿಡಿಯಿರಿ.

ಯಾವಾಗ ಬರುತ್ತದೆ ಅಂತ ಹೇಗೆ ನೋಡೋದು?

ಒಂದೇ ರಸ್ತೆ ಆರಿಸಿಕೊಳ್ಳಿ. ಒಂದು ಹಂಪ್, ಸ್ವಲ್ಪ ಗುಂಡಿ, ಸ್ವಲ್ಪ ನುಣುಪು ಇರುವ ಖಾಲಿ ರಸ್ತೆ ಆದರೆ ಒಳ್ಳೆಯದು. ಅಲ್ಲಿ ಈ ಪ್ರಶ್ನೆಗಳನ್ನು ಇಟ್ಟುಕೊಂಡು ಓಡಿಸಿ. ಕ್ಲಚ್ ಬಿಟ್ಟು ಹೊರಡುವಾಗ ಬರುತ್ತದಾ? ಆಕ್ಸಿಲರೇಟರ್ ಬಿಟ್ಟಾಗ ಬದಲಾಗುತ್ತದಾ? ಒಂದೇ ಚಕ್ರ ಗುಂಡಿಗೆ ಇಳಿದಾಗ ಮಾತ್ರವಾ, ಎರಡೂ ಚಕ್ರ ಹಂಪ್ ಹತ್ತಿದಾಗಲಾ? ತಿರುವಿನಲ್ಲಿ? ಬ್ರೇಕ್ ಹಾಕಿದಾಗ? ಮಳೆಯಲ್ಲಿ ನಿಂತುಹೋಗುತ್ತದಾ?

ಮೊಬೈಲ್‌ನಲ್ಲಿ ರೆಕಾರ್ಡಿಂಗ್ ಹಾಕಿ, ಬಟ್ಟೆ ಸುತ್ತಿ, ಒಮ್ಮೆ ಡಿಕ್ಕಿಯ ಎಡಮೂಲೆಯಲ್ಲಿ, ಇನ್ನೊಮ್ಮೆ ಬಲಮೂಲೆಯಲ್ಲಿ ಇಟ್ಟು ಅದೇ ವೇಗದಲ್ಲಿ ಅದೇ ರಸ್ತೆಯಲ್ಲಿ ಹೋಗಿಬನ್ನಿ. ಎರಡನ್ನೂ ಹೆಡ್‌ಫೋನ್‌ನಲ್ಲಿ ಕೇಳಿದರೆ ಯಾವ ಕಡೆ ಜೋರು ಅನ್ನೋದು ಸುಮಾರಾಗಿ ತಿಳಿಯುತ್ತದೆ. ಮನುಷ್ಯರನ್ನು ಡಿಕ್ಕಿಯಲ್ಲಿ ಕೂರಿಸಿ ಓಡಿಸುವ ಹಳೇ ಸಾಹಸ ಮಾತ್ರ ಬೇಡ.

ಮೊದಲು ಗಾಡಿ ಕೆಳಗೆ ಮಲಗಬೇಕಾ?

ಇಲ್ಲ. ಮೊದಲು ಡಿಕ್ಕಿ ಖಾಲಿ ಮಾಡಿ. ಸ್ಟೆಪ್ನಿ, ಜಾಕ್, ಸ್ಪ್ಯಾನರ್ ಚೀಲ, ನೀರಿನ ಕ್ಯಾನ್, ಎಲ್ಲವನ್ನೂ ಇಳಿಸಿ. ಹಿಂದಿನ ಸೀಟಿನ ಕೆಳಭಾಗವನ್ನೂ ಎತ್ತಿ ತೆಗೆಯಿರಿ. ಅದರ ಸ್ಪ್ರಿಂಗ್ ತುಕ್ಕು ಹಿಡಿದು ಕಿರುಗುಟ್ಟುವುದು ಸಾಮಾನ್ಯ, ಮತ್ತು ಆ ಸದ್ದು ಲೀಫ್ ಸ್ಪ್ರಿಂಗ್ ಸದ್ದಿನ ಹಾಗೇ ಇರುತ್ತದೆ. ಆಮೇಲೆ ಅದೇ ರಸ್ತೆಯಲ್ಲಿ ಮತ್ತೆ ಓಡಿಸಿ. ಸದ್ದು ಹೋದರೆ ಒಂದೊಂದೇ ಸಾಮಾನು ವಾಪಸ್ ಇಡುತ್ತಾ ಬನ್ನಿ.

ಡಿಕ್ಕಿ ಮುಚ್ಚಳದ ಲಾಕ್, ನಂಬರ್ ಪ್ಲೇಟ್, ಬಂಪರ್ ಬ್ರಾಕೆಟ್, ಪೆಟ್ರೋಲ್ ಟ್ಯಾಂಕ್ ಹಿಡಿದಿರುವ ಬೋಲ್ಟ್‌ಗಳನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಗ್ಯಾಸ್ ಕಿಟ್ ಹಾಕಿಸಿದ ಗಾಡಿಯಾದರೆ ಸಿಲಿಂಡರ್ ಕೂರಿಸಿದ ಬ್ರಾಕೆಟ್ ಮೇಲೆ ಮೊದಲ ಅನುಮಾನ ಇರಲಿ. ಅಷ್ಟು ಭಾರ ತೆಳು ತಗಡಿನ ಮೇಲೆ ಕೂತಿರುತ್ತದೆ. ಬೋಲ್ಟ್ ಸುತ್ತ ತಗಡು ಬಿರುಕು ಬಿಟ್ಟಿದ್ದರೆ ಅದು ಬರೀ ಸದ್ದಿನ ವಿಷಯ ಅಲ್ಲ, ಕೂಡಲೇ ಸರಿಮಾಡಿಸಿ. ಇನ್ನು ಅರ್ಧ ತುಂಬಿದ ಟ್ಯಾಂಕಿನಲ್ಲಿ ಪೆಟ್ರೋಲ್ ಅಲ್ಲಾಡಿ ಗುಳುಗುಳು ಅನ್ನೋದನ್ನು ಕೇಳಿ ಶಾಕ್ ಬದಲಾಯಿಸಲು ಹೊರಟವರೂ ಇದ್ದಾರೆ.

ಎತ್ತಿ ನೋಡುವಾಗ ಏನು ಜಾಗ್ರತೆ?

ಜಾಕ್ ಎತ್ತುವುದಕ್ಕೆ ಮಾತ್ರ. ಎತ್ತಿದ ಮೇಲೆ ಗಾಡಿ ಸ್ಟ್ಯಾಂಡ್ ಮೇಲೇ ನಿಲ್ಲಬೇಕು. ಇಟ್ಟಿಗೆ, ಹಾಲೋ ಬ್ಲಾಕ್ ಬೇಡ, ಅವು ಮುನ್ಸೂಚನೆ ಇಲ್ಲದೆ ಒಡೆಯುತ್ತವೆ. ಹ್ಯಾಂಡ್ ಬ್ರೇಕ್ ಕೆಲಸ ಮಾಡೋದು ಹಿಂದಿನ ಚಕ್ರಗಳಿಗೆ. ಹಿಂಭಾಗ ಎತ್ತಿದ ಕ್ಷಣ ಅದರಿಂದ ಪ್ರಯೋಜನವಿಲ್ಲ. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ಅಡ್ಡೆ ಕೊಡಿ. ಇಷ್ಟು ಮಾಡಲು ಜಾಗ ಇಲ್ಲದಿದ್ದರೆ ಗ್ಯಾರೇಜಿನ ಪಿಟ್‌ಗೆ (ಗಾಡಿ ಕೆಳಗೆ ಇಳಿದು ನಿಂತು ನೋಡುವ ಗುಂಡಿ) ತೆಗೆದುಕೊಂಡು ಹೋಗಿ. ಚಕ್ರಗಳ ಮೇಲೆ ಭಾರ ಇದ್ದಾಗಲೇ ಕೆಳಗಿಂದ ನೋಡಲು ಸಿಗುವುದರಿಂದ ಪಿಟ್ ಇನ್ನೂ ಒಳ್ಳೆಯದು.

ಕೀಚ್ ಕೀಚ್ ಅಂತ ಬರುತ್ತೆ. ಹಳೇ ಮಂಚದ ಸದ್ದಿನ ಹಾಗೆ.

ಎರಡು ಸಾಧ್ಯತೆ. ಒಂದೋ ಸ್ಪ್ರಿಂಗಿನ ಬ್ಲೇಡ್‌ಗಳು ಒಣಗಿ ಒಂದಕ್ಕೊಂದು ಉಜ್ಜುತ್ತಿವೆ. ಇಲ್ಲವೇ ಶಾಕಲ್‌ನ ಅಥವಾ ಮುಂದಿನ ಕಣ್ಣಿನ (ಸ್ಪ್ರಿಂಗ್ ತುದಿಯ ತೂತಿನ) ರಬ್ಬರ್ ಬುಷ್ ಗಟ್ಟಿಯಾಗಿ ಕಬ್ಬಿಣದ ಮೇಲೆ ಜಾರುತ್ತಿದೆ.

ಬೇರೆ ಮಾಡಿ ನೋಡಲು ನೀರು ಸಾಕು. ಗಾಡಿ ನಿಲ್ಲಿಸಿ, ಒಬ್ಬರು ಹಿಂದಿನ ಬಂಪರ್ ಹತ್ತಿರ ನಿಂತು ಡಿಕ್ಕಿಯನ್ನು ಒತ್ತಿ ಒತ್ತಿ ಬಿಡಲಿ. ಸದ್ದು ಬರುತ್ತಿರುವಾಗ ಸ್ಪ್ರೇ ಬಾಟಲಿಯಿಂದ ಒಂದು ಜಾಗಕ್ಕೆ ಮಾತ್ರ ನೀರು ಹೊಡೆಯಿರಿ. ಮೊದಲು ಎಡಗಡೆ ಶಾಕಲ್, ಆಮೇಲೆ ಎಡಗಡೆ ಮುಂದಿನ ಬುಷ್, ಆಮೇಲೆ ಬ್ಲೇಡ್‌ಗಳ ತುದಿ. ಯಾವ ಜಾಗ ನೆನೆದಾಗ ಸದ್ದು ನಿಂತಿತೋ ಅದೇ ಕಳ್ಳ. ಎಲ್ಲ ಕಡೆ ಒಟ್ಟಿಗೆ ಹೊಡೆದರೆ ಏನೂ ತಿಳಿಯುವುದಿಲ್ಲ.

ಒತ್ತಿದಾಗ ಬಾರದೆ ಓಡಿಸುವಾಗ ಮಾತ್ರ ಬಂದರೆ ಸದ್ದು ಬೇರೆ ಕಡೆ ಇರಬಹುದು. ನಿಂತ ಗಾಡಿಯಲ್ಲಿ ಸ್ಪ್ರಿಂಗ್ ಕೆಲವೇ ಇಂಚು ಆಡುತ್ತದೆ, ಆಕ್ಸಲ್ ತಿರುಚುವುದೇ ಇಲ್ಲ.

ಹಳೇ ಎಂಜಿನ್ ಆಯಿಲ್ ಸುರಿದರೆ ಸರಿಹೋಗುತ್ತೆ ಅಂತಾರಲ್ಲ?

ಸದ್ದು ನಿಲ್ಲುತ್ತದೆ, ಕೆಲವು ದಿನ. ಆಮೇಲೆ ಆ ಆಯಿಲ್ ಧೂಳನ್ನು ಹಿಡಿದು ಬ್ಲೇಡ್‌ಗಳ ನಡುವೆ ಮರಳು ಕಾಗದದಂಥ ಪೇಸ್ಟ್ ಆಗುತ್ತದೆ. ಆಯಿಲ್ ಹರಿದು ರಬ್ಬರ್ ಬುಷ್‌ಗೆ ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗಿ ಕಿತ್ತು ಬರುತ್ತದೆ. ಬ್ರೇಕ್ ಡ್ರಮ್ ಒಳಗೆ ಹೋದರೆ ಅಪಾಯವೇ. ನನಗಂತೂ ಈ ಪದ್ಧತಿ ಇಷ್ಟವಿಲ್ಲ.

ಸರಿಯಾದ ಕೆಲಸ ಎಂದರೆ ಸ್ಪ್ರಿಂಗ್ ಇಳಿಸಿ, ಬಿಚ್ಚಿ, ವೈರ್ ಬ್ರಷ್‌ನಿಂದ ತುಕ್ಕು ತೆಗೆದು, ಬ್ಲೇಡ್‌ಗಳ ನಡುವೆ ಗ್ರಾಫೈಟ್ ಗ್ರೀಸ್ ಹಚ್ಚಿ ಮತ್ತೆ ಕಟ್ಟುವುದು. ಬ್ಲೇಡ್‌ಗಳ ಮಧ್ಯೆ ಪ್ಯಾಡ್ ಇದ್ದರೆ ಗ್ರೀಸ್ ಬೇಡ, ಸವೆದ ಪ್ಯಾಡ್ ಬದಲಿಸಿ. ಬ್ಲೇಡ್‌ಗಳನ್ನು ನಡುವೆ ಒಟ್ಟಿಗೆ ಹಿಡಿದಿರುವ ಸೆಂಟರ್ ಬೋಲ್ಟ್ ಬಿಚ್ಚುವ ಮೊದಲು ಕಟ್ಟನ್ನು ದೊಡ್ಡ ಕ್ಲ್ಯಾಂಪ್‌ನಲ್ಲಿ ಬಿಗಿ ಹಿಡಿಯಲೇಬೇಕು. ಒಳಗೆ ಬಿಗಿತ ಇರುತ್ತದೆ. ಬೋಲ್ಟ್ ಬಿಚ್ಚಿದ ಕೂಡಲೇ ಬ್ಲೇಡ್‌ಗಳು ಸಿಡಿದು ಕೈ ಮುಖಕ್ಕೆ ಬಡಿಯುತ್ತವೆ.

ಫಸ್ಟ್ ಗೇರ್‌ನಲ್ಲಿ ಹೊರಡುವಾಗ ಟಕ್ ಅನ್ನುತ್ತೆ. ರಿವರ್ಸ್ ಹಾಕಿದಾಗ ಇನ್ನೊಂದು ಟಕ್.

ಇದು ಜಾಸ್ತಿ ಜನ ಕೇಳುವ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ.

ಚಕ್ರಕ್ಕೆ ಬಲ ಬಂದಾಗ ಆಕ್ಸಲ್ ಹೌಸಿಂಗ್ (ಆಕ್ಸಲ್‌ನ ಹೊರಕವಚ) ಅದಕ್ಕೆ ಎದುರು ದಿಕ್ಕಿಗೆ ತಿರುಚಲು ನೋಡುತ್ತದೆ. ಅದನ್ನು ತಡೆಯುವುದು ಲೀಫ್ ಸ್ಪ್ರಿಂಗ್ ಒಂದೇ. ಹಾಗಾಗಿ ಸ್ಪ್ರಿಂಗ್ ಎಲ್ಲಿ ಸಡಿಲವಿದೆಯೋ ಅಲ್ಲಿ ಒಂದು ಏಟು ಬೀಳುತ್ತದೆ. ಫಸ್ಟ್ ಮತ್ತು ರಿವರ್ಸ್‌ನಲ್ಲಿ ಬಲ ಜಾಸ್ತಿ, ಅದಕ್ಕೇ ಅಲ್ಲಿ ಮೊದಲು ಕೇಳುತ್ತದೆ.

ಮೊದಲು ಯು ಬೋಲ್ಟ್ ನೋಡಿ. ನಟ್ ಸುತ್ತ, ಪ್ಲೇಟ್ ಅಂಚಿನಲ್ಲಿ ಕೆಂಪು ಪುಡಿಯಂಥ ತುಕ್ಕು ಇದೆಯಾ? ಎರಡು ಲೋಹ ಒಂದಕ್ಕೊಂದು ಸಣ್ಣಗೆ ಅಲ್ಲಾಡುತ್ತಿರುವ ಗುರುತು ಅದು. ಎಲ್ಲಾದರೂ ಕಬ್ಬಿಣ ಬೆಳ್ಳಗೆ ಹೊಳೆಯುತ್ತಿದ್ದರೆ ಅಲ್ಲಿ ಉಜ್ಜಾಟ ನಡೆಯುತ್ತಿದೆ. ಕೆಳಗೆ ಮಲಗಿದಾಗ ಕಣ್ಣು ಹುಡುಕಬೇಕಾದದ್ದು ಈ ಎರಡು ಬಣ್ಣಗಳನ್ನು. ಯು ಬೋಲ್ಟ್ ಸಡಿಲವಿದ್ದರೆ ನಾಲ್ಕೂ ನಟ್‌ಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವೇ, ಗಾಡಿಯ ಭಾರ ಚಕ್ರದ ಮೇಲಿದ್ದಾಗ ಬಿಗಿ ಮಾಡಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಸ್ಪ್ಯಾನರ್ ಹಾಕಿ ನೋಡಬೇಕು. ಹಳೇ ಯು ಬೋಲ್ಟ್ ಎಳೆದು ಸಣ್ಣಗಾಗಿದ್ದರೆ ಬಿಗಿ ಮಾಡುತ್ತಾ ಕೂರಬೇಡಿ, ಹೊಸದು ಹಾಕಿ.

ಯು ಬೋಲ್ಟ್ ಬಹಳ ದಿನ ಸಡಿಲ ಓಡಿದ್ದರೆ ಒಳಗಿನ ಸೆಂಟರ್ ಬೋಲ್ಟ್ ತುಂಡಾಗಿರಬಹುದು. ಆಗ ಆಕ್ಸಲ್ ಸ್ಪ್ರಿಂಗ್ ಮೇಲೆ ಹಿಂದೆ ಮುಂದೆ ಜರುಗುತ್ತದೆ. ಹಿಂದಿನಿಂದ ನೋಡಿದವರಿಗೆ ಗಾಡಿ ಓರೆಯಾಗಿ ಹೋದ ಹಾಗೆ ಕಾಣುತ್ತದೆ. ಸ್ಪ್ರಿಂಗಿನ ಮುಂದಿನ ಬೋಲ್ಟ್‌ನಿಂದ ಆಕ್ಸಲ್‌ವರೆಗೆ ಎರಡೂ ಕಡೆ ಟೇಪ್ ಹಿಡಿಯಿರಿ. ಎರಡೂ ಅಳತೆ ಒಂದೇ ಇರಬೇಕು.

ಸ್ಪ್ರಿಂಗ್ ಸರಿ ಇದ್ದರೆ ಮುಂದಿನ ಅನುಮಾನ ಗೇರ್ ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್, ಅಂದರೆ ಅದರ ತುದಿಯ ಕೀಲು. ಎಂಜಿನ್ ಆಫ್, ಗೇರ್ ನ್ಯೂಟ್ರಲ್, ಚಕ್ರಗಳಿಗೆ ಅಡ್ಡೆ. ಶಾಫ್ಟ್ ಅನ್ನು ಕೈಯಿಂದ ಆಚೀಚೆ ತಿರುಗಿಸುತ್ತಾ ಕ್ರಾಸ್‌ನ ಎರಡೂ ಬದಿ ನೋಡಿ. ಒಂದು ಬದಿ ತಿರುಗಿದ ಮೇಲೆ ತಡವಾಗಿ ಇನ್ನೊಂದು ಬದಿ ಹೊರಟರೆ ಕ್ರಾಸ್ ಮುಗಿದಿದೆ. ಕ್ರಾಸ್‌ನ ತುದಿಗಳು ಕೂರುವ ಕಪ್ ಹತ್ತಿರ ಕೆಂಪು ಪುಡಿ ಕಂಡರೂ ಅದೇ ಅರ್ಥ.

ಇದೂ ಸರಿ ಇದ್ದು ಸಣ್ಣದೊಂದು ಟಕ್ ಉಳಿದರೆ? ಗೇರ್ ಬಾಕ್ಸ್, ಕ್ರೌನ್ ಪಿನಿಯನ್ (ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಷಿಯಲ್‌ನ ಹಲ್ಲುಚಕ್ರಗಳು), ಆಕ್ಸಲ್ ಶಾಫ್ಟ್ ಸ್ಪ್ಲೈನ್ (ಶಾಫ್ಟ್ ತುದಿಯ ಹಲ್ಲುಗಳು), ಎಲ್ಲದರ ಸಣ್ಣ ಸಣ್ಣ ಪ್ಲೇ, ಅಂದರೆ ಸಡಿಲ, ಸೇರಿ ಬರುವ ಸದ್ದು ಅದು. ವಯಸ್ಸಾದ ಗಾಡಿಯಲ್ಲಿ ಸ್ವಲ್ಪ ಇದ್ದೇ ಇರುತ್ತದೆ. ಕ್ಲಚ್ ಮೆಲ್ಲಗೆ ಬಿಡಿ. ಅದೊಂದಕ್ಕಾಗಿ ಡಿಫರೆನ್ಷಿಯಲ್ ಬಿಚ್ಚಿಸುವುದು ದಂಡದ ಖರ್ಚು.

ಗುಂಡಿಗೆ ಬಿದ್ದಾಗ ಧಡ್ ಅನ್ನುತ್ತೆ. ಶಾಕ್ ಹೋಗಿದೆ ಅಲ್ವಾ?

ಇರಬಹುದು, ಆದರೆ ಸುಮ್ನೆ ಶಾಕ್ ಮೇಲೆ ಹಾಕುವ ಆರೋಪ ಇದು. ಶಾಕ್ ಅಬ್ಸಾರ್ಬರ್ ಸವೆದರೆ ಮೊದಲು ಬರೋದು ಕುಣಿತ, ಸದ್ದಲ್ಲ. ಹಂಪ್ ದಾಟಿದ ಮೇಲೂ ಹಿಂಭಾಗ ಏಳುತ್ತಾ ಬೀಳುತ್ತಾ ಇರುತ್ತದೆ. ಸದ್ದು ಬರೋದು ಜಾಸ್ತಿ ಅದರ ಮೇಲಿನ ಕೆಳಗಿನ ರಬ್ಬರ್ ಬುಷ್‌ನಿಂದ. ಕಣ್ಣಿನೊಳಗೆ ಬುಷ್ ಸವೆದು ಮೊಟ್ಟೆಯಾಕಾರ ಆಗಿದ್ದರೆ ಪ್ರತಿ ಗುಂಡಿಗೂ ಕಬ್ಬಿಣ ಕಬ್ಬಿಣಕ್ಕೆ ಬಡಿಯುತ್ತದೆ. ಶಾಕ್ ಅನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿ. ಅಲ್ಲಾಡಬಾರದು.

ಆಮೇಲೆ ಶಾಕಲ್. ಸ್ಪ್ರಿಂಗ್ ಮತ್ತು ಬಾಡಿ ನಡುವೆ ಉದ್ದನೆಯ ಹಾರೆ ತೂರಿಸಿ ಮೆಲ್ಲಗೆ ಮೀಟಿ ನೋಡಿ. ರಬ್ಬರ್ ಸ್ವಲ್ಪ ಬಗ್ಗುವುದು ಸಹಜ. ಟಕ್ ಅಂತ ಜಿಗಿದರೆ ಬುಷ್ ಇಲ್ಲವೇ ಪಿನ್ ಸವೆದಿದೆ. ಶಾಕಲ್ ಕೂತಿರುವ ಬಾಡಿಯ ಭಾಗವನ್ನೂ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಕರಾವಳಿಯಲ್ಲಿ ಓಡಿದ ಗಾಡಿಗಳಲ್ಲಿ ಉಪ್ಪುಗಾಳಿಗೆ ಆ ಜಾಗ ತುಕ್ಕು ಹಿಡಿದು ಪೊಳ್ಳಾಗಿರುತ್ತದೆ, ಮೇಲೆ ಬಳಿದ ಕಪ್ಪು ಅಂಡರ್‌ಕೋಟ್ ಅದನ್ನು ಮುಚ್ಚಿರುತ್ತದೆ. ಸ್ಕ್ರೂಡ್ರೈವರ್ ಒಳಗೆ ಹೋದರೆ ಬುಷ್ ಮರೆತು ಮೊದಲು ವೆಲ್ಡಿಂಗ್ ಕೆಲಸ ಮಾಡಿಸಿ.

ನನ್ನದು ಹಳೇ ಮಾರ್ಕ್ (ಅಂಬಾಸಿಡರ್‌ನ ಹಳೇ ಮಾಡೆಲ್). ಶಾಕ್ ಅಬ್ಸಾರ್ಬರ್ ಉದ್ದ ಕೊಳವೆಯ ಹಾಗಿಲ್ಲ, ಡಬ್ಬಿಗೆ ತೋಳು ಇದ್ದ ಹಾಗಿದೆ.

ಅದು ಲಿವರ್ ಶಾಕ್. ತೋಳಿನ ಲಿಂಕ್ ಬಿಚ್ಚಿ, ತೋಳನ್ನು ಕೈಯಿಂದ ಮೇಲೆ ಕೆಳಗೆ ಪೂರ್ತಿ ಆಡಿಸಿ. ಉದ್ದಕ್ಕೂ ಒಂದೇ ಸಮನಾದ ತಡೆ ಇರಬೇಕು. ನಡುವೆ ಎಲ್ಲಾದರೂ ಜಾರಿಬಿಟ್ಟ ಹಾಗಾದರೆ ಒಳಗೆ ಆಯಿಲ್ ಕಡಿಮೆ ಇದೆ ಅಥವಾ ವಾಲ್ವ್ ಕೆಟ್ಟಿದೆ. ಆಯಿಲ್ ತುಂಬಲು ಪ್ಲಗ್ ಬಿಚ್ಚುವ ಮೊದಲು ಸುತ್ತಲಿನ ಮಣ್ಣನ್ನು ಚೆನ್ನಾಗಿ ಒರೆಸಿ, ಒಂದು ಕಾಳು ಮಣ್ಣು ಒಳಗೆ ಹೋದರೂ ವಾಲ್ವ್ ಹಾಳು. ಶಾಕ್ ಅಬ್ಸಾರ್ಬರ್ ಆಯಿಲ್ ಮಾತ್ರ ಹಾಕಿ, ಬ್ರೇಕ್ ಆಯಿಲ್ ಬೇಡವೇ ಬೇಡ. ತುಂಬಿಸಿದ ಮೇಲೂ ತೋಳಿನ ಬುಡದಿಂದ ಸೋರುತ್ತಿದ್ದರೆ ಸೀಲ್ ಹೋಗಿದೆ.

ಹೊಸ ಶಾಕ್ ಹಾಕಿದ ಮೇಲೂ ಸದ್ದು. ಡೂಪ್ಲಿಕೇಟ್ ಮಾಲಾ?

ಅದಕ್ಕಿಂತ ಮೊದಲು, ಹಾಕುವ ಮುನ್ನ ಗಾಳಿ ತೆಗೆದಿದ್ದರಾ ಕೇಳಿ. ಅಂಗಡಿಯಲ್ಲಿ ಅಡ್ಡ ಮಲಗಿದ್ದ ಶಾಕ್ ಒಳಗೆ ಗಾಳಿ ತಪ್ಪು ಜಾಗಕ್ಕೆ ಸೇರಿರುತ್ತದೆ. ನೇರ ನಿಲ್ಲಿಸಿ ನಾಲ್ಕಾರು ಸಲ ಪೂರ್ತಿ ಎಳೆದು ಒತ್ತಿ, ಆಮೇಲೆ ಹಾಕಬೇಕು. ವಾಷರ್ ಬಿಟ್ಟುಹೋಗಿದ್ದರೂ, ನಟ್ ದಾರ ಮುಗಿದು ನಿಂತು ರಬ್ಬರ್ ಮಾತ್ರ ಬಿಗಿಯಾಗದೆ ಉಳಿದಿದ್ದರೂ ಸದ್ದು ಬರುತ್ತದೆ.

ಬುಷ್ ಬದಲಿಸಿ ಕೆಲವೇ ತಿಂಗಳಾಯ್ತು, ಮತ್ತೆ ಶುರು.

ಗಾಡಿ ಎತ್ತಿಟ್ಟು, ಸ್ಪ್ರಿಂಗ್ ಜೋತು ಬಿದ್ದಿರುವಾಗಲೇ ಬೋಲ್ಟ್ ಪೂರ್ತಿ ಟೈಟ್ ಮಾಡಿದ್ದರೆ ಹೀಗಾಗುತ್ತದೆ. ಆ ಸ್ಥಿತಿಯಲ್ಲಿ ರಬ್ಬರ್ ಕಚ್ಚಿಕೊಳ್ಳುತ್ತದೆ. ಗಾಡಿ ಇಳಿಸಿದಾಗ ಸ್ಪ್ರಿಂಗ್ ಚಪ್ಪಟೆಯಾಗಿ ಬುಷ್ ತಿರುಚುತ್ತದೆ. ಆಮೇಲೆ ಅದು ನಿಂತಾಗಲೂ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಸರಿಯಾದ ಕ್ರಮ ಎಂದರೆ ಬೋಲ್ಟ್ ಸಡಿಲವಾಗಿ ಕೂರಿಸಿ, ಗಾಡಿ ಇಳಿಸಿ, ಹಿಂಭಾಗ ಒಂದೆರಡು ಸಲ ಒತ್ತಿ ಬಿಟ್ಟು, ಆಮೇಲೆ ಕೊನೆಯ ಟೈಟ್. ಕೆಲಸ ಮಾಡಿಸುವಾಗ ಪಕ್ಕದಲ್ಲಿ ನಿಂತು ಇದೊಂದನ್ನು ನೋಡಿಕೊಳ್ಳಿ.

ಬುಷ್ ಕೂರಿಸಲು ಸೋಪಿನ ನೀರು ಸಾಕು.

ಹಿಂದೆ ಜನ ಕೂತಾಗ ಮಾತ್ರ ಸದ್ದು ಬರುತ್ತೆ.

ಸ್ಪ್ರಿಂಗ್ ಕುಗ್ಗಿದಾಗ ಏನೋ ತಾಗುತ್ತಿದೆ. ಬಂಪ್ ಸ್ಟಾಪ್ ಉದುರಿಹೋಗಿದೆಯಾ? ಸೈಲೆನ್ಸರ್ ಪೈಪ್ ಆಕ್ಸಲ್ ಹತ್ತಿರ ಹಾದುಹೋಗುವ ಕಡೆ ಹೊಳೆಯುವ ಗುರುತು ಇದೆಯಾ? ಅಗಲದ ಟೈರ್ ಹಾಕಿಸಿದ್ದರೆ ಮಡ್‌ಗಾರ್ಡ್ ಒಳಗೆ ಉಜ್ಜಿದ ಗೆರೆ ಇದೆಯಾ? ಹ್ಯಾಂಡ್ ಬ್ರೇಕ್ ಕೇಬಲ್ ಕ್ಲಿಪ್ ಬಿಟ್ಟು ಆಕ್ಸಲ್‌ಗೆ ಬಡಿಯುತ್ತಿದೆಯಾ? ಇದ್ಯಾವುದೂ ಇಲ್ಲದಿದ್ದರೆ ಸ್ಪ್ರಿಂಗೇ ಸೋತಿದೆ.

ಗಾಡಿ ಒಂದು ಕಡೆ ಕುಸಿದಿದೆ. ಬ್ಲೇಡ್ ಕಟ್ ಆಗಿದೆಯಾ?

ಸಮತಟ್ಟಾದ ನೆಲ, ಎರಡೂ ಟೈರಿನಲ್ಲಿ ಒಂದೇ ಗಾಳಿ, ಡಿಕ್ಕಿ ಖಾಲಿ. ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿಗೆ ಎರಡೂ ಕಡೆ ಅಳೆಯಿರಿ. ಅರ್ಧ ಇಂಚಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ನಾನಾದರೆ ಸ್ಪ್ರಿಂಗ್ ಬಿಚ್ಚಿಸಿ ನೋಡುತ್ತೇನೆ. ಅಪಘಾತ ಆಗಿ ಟಿಂಕರಿಂಗ್ ಮಾಡಿಸಿದ ಗಾಡಿಯಾದರೆ ಮಡ್‌ಗಾರ್ಡ್ ಅಳತೆಯನ್ನೇ ನಂಬುವಂತಿಲ್ಲ.

ಬಿರುಕು ಹೆಚ್ಚಾಗಿ ಸೆಂಟರ್ ಬೋಲ್ಟ್ ತೂತಿನ ಬಳಿ, ಪ್ಲೇಟ್ ಕೆಳಗೆ ಅಡಗಿರುತ್ತದೆ. ಹೊರಗಿನಿಂದ ಕಾಣದು. ಮುರಿದ ಬ್ಲೇಡ್‌ಗೆ ವೆಲ್ಡಿಂಗ್ ಮಾಡಿಸಲೇಬೇಡಿ. ಕಾಯಿಸಿದ ಕೂಡಲೇ ಉಕ್ಕಿನ ಹದ ಹೋಗುತ್ತದೆ, ಪಕ್ಕದಲ್ಲೇ ಮತ್ತೆ ಮುರಿಯುತ್ತದೆ.

ಲಾರಿ ಸ್ಪ್ರಿಂಗ್ ಮಾಡುವ ಅಂಗಡಿಗಳಲ್ಲಿ ಕುಸಿದ ಬ್ಲೇಡ್‌ಗಳಿಗೆ ಮತ್ತೆ ಬಾಗು ಕೊಡುತ್ತಾರೆ. ಒಳ್ಳೆಯ ಕೈ ಆದರೆ ಕೆಲಸ ಬಾಳಿಕೆ ಬರುತ್ತದೆ. ಎರಡೂ ಕಡೆಯದನ್ನು ಒಟ್ಟಿಗೆ ಮಾಡಿಸಿ. ಎಕ್ಸ್‌ಟ್ರಾ ಬ್ಲೇಡ್ ಹಾಕಿಸಿ ಅಂತ ಅವರು ಹೇಳೇ ಹೇಳುತ್ತಾರೆ. ಮನೆ ಗಾಡಿಗೆ ಅದು ಬೇಡ. ಹಿಂಭಾಗ ಗಟ್ಟಿಯಾಗಿ, ಇದುವರೆಗೆ ಸುಮ್ಮನಿದ್ದ ಬಾಗಿಲು, ಗಾಜು, ಡ್ಯಾಶ್‌ಬೋರ್ಡ್ ಎಲ್ಲ ಸದ್ದು ಮಾಡಲು ಶುರುಮಾಡುತ್ತವೆ.

ಗುಂಯ್ ಅಂತ ಒಂದೇ ಸಮ ಬರುತ್ತೆ.

ಅದು ಸಸ್ಪೆನ್ಷನ್ ಅಲ್ಲ. ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಸ್ವರ ಬಂದರೆ ಕ್ರೌನ್ ಪಿನಿಯನ್. ಆಕ್ಸಿಲರೇಟರ್‌ಗೆ ಬದಲಾಗದೆ ವೇಗದ ಜೊತೆ ಮಾತ್ರ ಏರಿ, ಉದ್ದ ತಿರುವಿನಲ್ಲಿ ಜಾಸ್ತಿ ಇಲ್ಲವೇ ಕಡಿಮೆ ಆದರೆ ಚಕ್ರದ ಬೇರಿಂಗ್. ರಸ್ತೆ ಬದಲಾದಾಗ ಸದ್ದೂ ಬದಲಾದರೆ ಟೈರ್. ಆಕ್ಸಲ್ ಹೌಸಿಂಗ್ ಒಳಗಿನ ಆಯಿಲ್ ಮಟ್ಟ ನೋಡಿ. ಇಲ್ಲಿನ ಕ್ರೌನ್ ಪಿನಿಯನ್ ಹೈಪಾಯ್ಡ್ ಗೇರ್ (ಹಲ್ಲುಗಳು ಒತ್ತಡದಲ್ಲಿ ಜಾರುತ್ತಾ ಕೂಡುವ ಜಾತಿ), ಅದಕ್ಕೆ ಇ.ಪಿ. 90 ಗೇರ್ ಆಯಿಲ್ ಬೇಕು.

ಬ್ರೇಕ್ ಹಾಕಿದಾಗ ಮಾತ್ರ ಟಕ್.

ಮೊದಲು ವೀಲ್ ನಟ್, ಈಗಲೇ ನೋಡಿ. ಆಮೇಲೆ ಯು ಬೋಲ್ಟ್ ಮತ್ತು ಸ್ಪ್ರಿಂಗ್ ಮುಂದಿನ ಬುಷ್. ಕೊನೆಗೆ ಡ್ರಮ್ ಬಿಚ್ಚಿ ಶೂ ಸ್ಪ್ರಿಂಗ್.

ಪಾಲಿಯುರಿಥೇನ್ ಬುಷ್ ಹಾಕಿಸಲಾ?

ಬಾಳಿಕೆ ಬರುತ್ತವೆ, ಆದರೆ ಗಡುಸು. ಸಿಲಿಕೋನ್ ಗ್ರೀಸ್ ಇಲ್ಲದೆ ಹಾಕಿದರೆ ತಾವೇ ಕೀಚ್ ಅನ್ನುತ್ತವೆ. ಸದ್ದು ಹೋಗಲಿ ಅಂತ ಕೆಲಸ ಮಾಡಿಸುವವರಿಗೆ ನಾನು ರಬ್ಬರ್ ಅನ್ನೇ ಹೇಳುತ್ತೇನೆ.

ಸಾಮಾನು ಎಲ್ಲಿ ಸಿಗುತ್ತೆ? ಯಾವ ಸ್ಪ್ಯಾನರ್ ಬೇಕು?

ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆಯಿಂದ ಶುರುಮಾಡಿ. ಹಳೇ ಬುಷ್ ಅನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ, ಮಾರ್ಕ್ ಹೆಸರು ಹೇಳಿ ಕೇಳಿದರೆ ಸಾಲದು. ಕಂಪನಿ ಪ್ಯಾಕೆಟ್ ಇದ್ದರೂ ಹಳೇ ಸ್ಟಾಕ್ ರಬ್ಬರ್ ಕೊಳ್ಳುವಾಗ ಹುಷಾರು. ಉಗುರಿನಿಂದ ಒತ್ತಿ, ಬಾಗಿಸಿ. ಮೇಲೆ ಸಣ್ಣ ಗೆರೆ ಬಿರುಕು ಕಂಡರೆ ಬೇಡ.

ಅಂಬಾಸಿಡರ್‌ನ ಹಿಂಭಾಗದ ನಟ್‌ಗಳು ಇಂಚಿನ ಅಳತೆಯವು. ಮಿಲಿಮೀಟರ್ ಸ್ಪ್ಯಾನರ್ ಹಾಕಿ ಜಾರಿಸಿ ಮೂಲೆ ಸವೆಸಬೇಡಿ. ತುಕ್ಕು ಹಿಡಿದವುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ, ರಬ್ಬರ್‌ಗೆ ತಾಗದ ಹಾಗೆ.

ಪದ್ಮಿನಿ, ಕಾಂಟೆಸ್ಸಾ, ಹೆರಾಲ್ಡ್‌ಗೂ ಇದೇ ಕ್ರಮವಾ?

ಪ್ರೀಮಿಯರ್ ಪದ್ಮಿನಿಗೆ ಬಹುಪಾಲು ಇದೇ. ಅದೂ ಲೀಫ್ ಸ್ಪ್ರಿಂಗ್, ಗಟ್ಟಿ ಆಕ್ಸಲ್. ಫಿಯೆಟ್ ವಂಶ, ಹಾಗಾಗಿ ಸ್ಪ್ಯಾನರ್ ಮಿಲಿಮೀಟರ್. ಕಾಂಟೆಸ್ಸಾಗೆ ಹಿಂದೆ ಕಾಯಿಲ್ ಸ್ಪ್ರಿಂಗ್. ಅಲ್ಲಿ ಆಕ್ಸಲ್ ಹಿಡಿದಿರುವ ತೋಳುಗಳ ಬುಷ್‌ಗಳನ್ನು ಒಂದೊಂದಾಗಿ ಮೀಟಿ ನೋಡಬೇಕು. ಸ್ಟ್ಯಾಂಡರ್ಡ್ ಹೆರಾಲ್ಡ್ ಬೇರೆಯೇ ಜಾತಿ. ಎರಡೂ ಚಕ್ರಕ್ಕೆ ಸೇರಿ ಒಂದೇ ಅಡ್ಡ ಲೀಫ್ ಸ್ಪ್ರಿಂಗ್, ತೂಗುವ ಆಕ್ಸಲ್. ಈ ಪುಟದ ಉತ್ತರಗಳನ್ನು ಅದಕ್ಕೆ ಹಚ್ಚಬೇಡಿ.

ಸದ್ದು ಸಿಗುವವರೆಗೆ ಓಡಿಸಬಹುದಾ?

ಕೀಚ್ ಸದ್ದಾದರೆ ಓಡಿಸಿ. ಶಾಕ್ ಬುಷ್ ಆದರೂ ಮೆಲ್ಲಗೆ ಓಡಿಸಬಹುದು. ಯು ಬೋಲ್ಟ್ ಸಡಿಲ, ಸೆಂಟರ್ ಬೋಲ್ಟ್ ಅಥವಾ ಮೇನ್ ಬ್ಲೇಡ್ ತುಂಡು, ಶಾಕಲ್ ಜಾಗ ತುಕ್ಕು, ಕ್ರಾಸ್ ಸವೆತ, ಚಕ್ರದ ಬೇರಿಂಗ್, ಇಷ್ಟರಲ್ಲಿ ಯಾವುದೇ ಇದ್ದರೂ ಗಾಡಿ ನಿಲ್ಲಿಸಿ. ಗ್ಯಾರೇಜಿಗೆ ಹೋಗಬೇಕಾದರೆ ಲಾರಿ ಮೇಲೆ ಹತ್ತಿಸಿಕೊಂಡು ಹೋಗಿ.